ಕಾರಿನ ಹೆಡ್‌ಲೈಟ್ ಬಲ್ಬು: ಕೊಳ್ಳುವ ಬಗೆ, ಹಾಕುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬರುವ ಬಂಧುಗಳಲ್ಲಿ ಟ್ಯಾಕ್ಸಿ ನಡೆಸುವವರಿದ್ದಾರೆ, ಸಾಹುಕಾರರ ಕಾರಿಗೆ ಚಾಲಕರಾಗಿರುವವರಿದ್ದಾರೆ. ಸಾಲ ಮಾಡಿ ಹಳೆಯ ಕಾರೊಂದನ್ನು ಕೊಂಡು, ಹಬ್ಬಹರಿದಿನಗಳಲ್ಲಿ ಹೆಂಡತಿ ಮಕ್ಕಳೊಡನೆ ಊರಿಗೆ ಹೋಗಿಬರುವ ಗುಮಾಸ್ತರೂ ಈಗ ಕಡಿಮೆಯಿಲ್ಲ. ಆದುದರಿಂದ ಈ ಸಲ ಹೆಡ್‌ಲೈಟಿನ ಬಲ್ಬಿನ ವಿಷಯವನ್ನು ನಾಲ್ಕು ಮಾತಿನಲ್ಲಿ ತಿಳಿಸೋಣವೆಂದುಕೊಂಡೆವು. ನಾವು ಮೆಕ್ಯಾನಿಕರಲ್ಲ, ಗಿರಣಿಯ ಗುಮಾಸ್ತರು. ಆದರೆ ಗಿರಣಿಯ ಸ್ಟೋರಿನಲ್ಲಿ ಒಂದು ಪಾಠ ಕಲಿತಿದ್ದೇವೆ. ಇಂಡೆಂಟಿನಲ್ಲಿ ‘ಬಲ್ಬು ಒಂದು’ ಎಂದಷ್ಟೇ ಬರೆದರೆ ಚೀಟಿ ಹಿಂದಕ್ಕೆ ಬರುತ್ತದೆ. ಎಷ್ಟು ವೋಲ್ಟು, ಎಷ್ಟು ವಾಟ್, ಯಾವ ತರಹದ ಬುಡ ಎಂಬ ಮೂರನ್ನೂ ಬರೆಯಬೇಕು. ಕಾರಿನ ಬಲ್ಬಿಗೂ ಇದೇ ನಿಯಮ.

ಇದನ್ನು ಮರೆತರೆ ಏನಾಗುತ್ತದೆಂಬುದಕ್ಕೆ ನಮ್ಮ ಸ್ನೇಹಿತರೊಬ್ಬರ ಅನುಭವವೇ ಸಾಕ್ಷಿ. ಅವರು ಅಂಕೋಲೆಯ ಕಡೆಯವರು. ಒಮ್ಮೆ ಚೌತಿಗೆ ಊರಿಗೆ ಹೊರಡುವ ಮುನ್ನಾ ದಿನ ಅವರ ಕಾರಿನ ಒಂದು ಬಲ್ಬು ಸುಟ್ಟಿತು. ಅಂಗಡಿಯವನು, “ಹಳೆಯ ಬಲ್ಬು ಯಾಕೆ ಸ್ವಾಮಿ, ಇದನ್ನು ಹಾಕಿ, ಹಗಲಿನ ಹಾಗೆ ಕಾಣುತ್ತದೆ” ಎಂದು ಎಲ್‌ಇಡಿ ಬಲ್ಬಿನ ಜೋಡಿಯೊಂದನ್ನು ಹಾಕಿಕೊಟ್ಟ. ಪೇಟೆಯ ಬೀದಿಯಲ್ಲಿ ಬೆಳಕು ಬೆಳ್ಳಗೆ ಚೆಲ್ಲಿದ್ದನ್ನು ಕಂಡು ಸ್ನೇಹಿತರು ಹಿಗ್ಗಿದರು. ಹುಬ್ಬಳ್ಳಿಯಲ್ಲಿ ಅಕ್ಕನನ್ನು ಹತ್ತಿಸಿಕೊಂಡು, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವಾಗ ರಾತ್ರಿಯಾಗಿತ್ತು, ಮಳೆಯೂ ಹಿಡಿದಿತ್ತು. ಎದುರು ಹತ್ತಿಬರುತ್ತಿದ್ದ ಲಾರಿಯವನು ದೀಪ ಮಿಟುಕಿಸಿದ. ಇವರು ಡಿಮ್‌ನಲ್ಲಿಯೇ ಇದ್ದರು. ಆದರೆ ಅದು ಲಾರಿಯವನಿಗೆ ತಿಳಿಯುವುದೆಂತು? ಅವನೂ ಸಿಟ್ಟಿನಿಂದ ಹೈ ಬೀಮ್ ಹಾಕಿದ. ಇಬ್ಬರಿಗೂ ಕಣ್ಣು ಕತ್ತಲಿಟ್ಟಿತು. ಸ್ನೇಹಿತರು ಬ್ರೇಕು ಒತ್ತುವಷ್ಟರಲ್ಲಿ ಎಡಗಡೆಯ ಚಕ್ರ ಚರಂಡಿಗೆ ಇಳಿದಿತ್ತು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ.

ಬಲ್ಬು ಕಡಿಮೆ ಬೆಳಕಿನದಾಗಿತ್ತೆ? ಅಲ್ಲ. ಬೆಳಕು ಬೀಳಬಾರದ ಕಡೆ ಬಿದ್ದಿತ್ತು. ಈ ಲೇಖನದ ಸಾರವೆಲ್ಲ ಇಷ್ಟೇ: ಹೆಡ್‌ಲೈಟಿನಲ್ಲಿ ಬೆಳಕು ಎಷ್ಟಿದೆ ಎನ್ನುವುದಕ್ಕಿಂತ ಅದು ಎಲ್ಲಿ ಬೀಳುತ್ತದೆ ಎನ್ನುವುದು ಮುಖ್ಯ.

ಬಲ್ಬಿನ ಒಳಗೇನಿದೆ?

ಸಾಮಾನ್ಯ ಬಲ್ಬಿನಲ್ಲಿ ಟಂಗ್‌ಸ್ಟನ್ ತಂತಿ ಕಾದು ಬೆಳಗುತ್ತಾ ಸ್ವಲ್ಪಸ್ವಲ್ಪವೇ ಆವಿಯಾಗಿ ಗಾಜಿಗೆ ಮಸಿಯಂತೆ ಅಂಟುತ್ತದೆ. ಹ್ಯಾಲೊಜನ್ ಬಲ್ಬಿನೊಳಗೆ ಅಯೊಡಿನ್ ಅಥವಾ ಬ್ರೋಮಿನ್ ಸೇರಿದ ಅನಿಲವಿರುತ್ತದೆ. ಅದು ಆವಿಯಾದ ಟಂಗ್‌ಸ್ಟನ್ನನ್ನು ಮರಳಿ ತಂತಿಯ ಕಡೆಗೇ ಒಯ್ಯುತ್ತದೆ. ಆದುದರಿಂದ ಗಾಜು ಕಪ್ಪಾಗುವುದಿಲ್ಲ, ತಂತಿಯನ್ನು ಹೆಚ್ಚು ಕಾಯಿಸಿ ಹೆಚ್ಚು ಬೆಳಕು ಪಡೆಯಬಹುದು. ಇಂಥ ಬಲ್ಬು ಯೂರೋಪಿನ ಕಾರುಗಳ ಹೆಡ್‌ಲೈಟಿಗೆ ಬಂದದ್ದು 1962ರಲ್ಲಿ. ಒಂದೇ ಬಲ್ಬಿನಲ್ಲಿ ಎರಡು ತಂತಿಗಳಿರುವ ಎಚ್-4 ಬಂದದ್ದು 1971ರಲ್ಲಿ. ನಮ್ಮ ದೇಶದ ಅನೇಕ ಸಣ್ಣ ಕಾರುಗಳಲ್ಲಿರುವುದು ಈ ಎಚ್-4.

ಎಚ್-4ನ್ನು ಕೈಗೆತ್ತಿಕೊಂಡು ನೋಡಿದರೆ ಒಂದು ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲು ಕಾಣುತ್ತದೆ. ಅದು ಡಿಮ್‌ನ ತಂತಿ. ಅದರ ಬೆಳಕು ಪ್ರತಿಫಲಕದ ಕೆಳಭಾಗಕ್ಕೆ ಬೀಳದಂತೆ ಬಟ್ಟಲು ತಡೆಯುತ್ತದೆ. ಮೇಲ್ಭಾಗಕ್ಕೆ ಬಿದ್ದ ಬೆಳಕು ಮಾತ್ರ ಬಗ್ಗಿ ರಸ್ತೆಗಿಳಿಯುತ್ತದೆ. ಇನ್ನೊಂದು ತಂತಿಗೆ ಬಟ್ಟಲಿಲ್ಲ. ಅದು ಇಡೀ ಪ್ರತಿಫಲಕವನ್ನು ಬೆಳಗುತ್ತದೆ, ಅದೇ ಹೈ ಬೀಮ್. ಈ ಏರ್ಪಾಡೆಲ್ಲ ತಂತಿ ಇರಬೇಕಾದ ಜಾಗದಲ್ಲಿಯೇ ಇದ್ದರೆ ಸರಿ. ಬೆಳಕಿನ ಮೂಲ ಕೂದಲೆಳೆಯಷ್ಟು ಆಚೀಚೆಯಾದರೂ ಬೆಳಕು ಎದುರು ಬರುವವನ ಕಣ್ಣಿಗೆ ಹಾರುತ್ತದೆ. ಹ್ಯಾಲೊಜನ್ನಿಗಾಗಿ ಮಾಡಿದ ದೀಪದೊಳಗೆ ಸಿಕ್ಕಿದ ಎಲ್‌ಇಡಿ ಬಲ್ಬನ್ನು ತುರುಕಿದರೆ ಆಗುವುದು ಇದೇ. ಕಾರ್ಖಾನೆಯಿಂದಲೇ ಎಲ್‌ಇಡಿ ದೀಪದೊಡನೆ ಬಂದ ಕಾರಿನ ಮಾತು ಬೇರೆ. ಅದರ ಪ್ರತಿಫಲಕವನ್ನೂ ಮಸೂರವನ್ನೂ ಅದಕ್ಕೆಂದೇ ರೂಪಿಸಿರುತ್ತಾರೆ.

ಕೊಳ್ಳುವಾಗ

ಮೊದಲು ಕಾರಿನ ಕೈಪಿಡಿಯನ್ನು ನೋಡಿರಿ. ಅದು ಇಲ್ಲದಿದ್ದರೆ ಸುಟ್ಟ ಬಲ್ಬಿನ ಬುಡದ ಮೇಲಿರುವ ಅಕ್ಷರಗಳನ್ನು ಓದಿರಿ. ಎಚ್-4 ಆದರೆ 12 ವೋಲ್ಟು, 60/55 ವಾಟ್ ಎಂದಿರುತ್ತದೆ. ಹೈ ಬೀಮಿಗೆ 60, ಡಿಮ್‌ಗೆ 55. ಡಿಮ್‌ಗೂ ಹೈ ಬೀಮಿಗೂ ಬೇರೆ ಬೇರೆ ಬಲ್ಬಿರುವ ಕಾರುಗಳಲ್ಲಿ ಎಚ್-7, ಎಚ್-1, ಎಚ್-11 ಮುಂತಾದವು ಇರುತ್ತವೆ. ಒಂದರ ಬದಲು ಇನ್ನೊಂದು ನಡೆಯದು. ಲಾರಿಯ 24 ವೋಲ್ಟಿನ ಎಚ್-4 ಕೂಡ ನೋಡಲು ಕಾರಿನದರಂತೆಯೇ ಇರುತ್ತದೆ. ಅದನ್ನು ಕಾರಿಗೆ ಹಾಕಿದರೆ ಹಣತೆಯಂತೆ ಉರಿಯುತ್ತದೆ. ಬೈಕಿನ 35/35 ವಾಟಿನ ಎಚ್‌ಎಸ್-1 ಅದರ ತಮ್ಮನಂತಿರುತ್ತದೆ. ಅವಸರದಲ್ಲಿ ಮೋಸಹೋಗಬಾರದು.

‘100/90 ವಾಟ್ ಹಾಕಿ’ ಎನ್ನುವವರು ಎಲ್ಲೆಡೆ ಇದ್ದಾರೆ. ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. 60 ವಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. 100 ವಾಟಿನದು 8ಕ್ಕೂ ಹೆಚ್ಚು. ತಂತಿಯ ಬಿಸಿ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದೇ ತಂತಿ ಸುಮಾರು 2.8 ಪಟ್ಟು ಬಿಸಿಯನ್ನು ತಡೆದುಕೊಳ್ಳಬೇಕಾಗುತ್ತದೆ. ಹೋಲ್ಡರು ಕರಗುತ್ತದೆ, ಸ್ವಿಚ್ಚು ಸುಡುತ್ತದೆ, ಪ್ರತಿಫಲಕದ ಹೊಳಪು ಹೋಗುತ್ತದೆ. ನೂರಾರು ರೂಪಾಯಿಯ ಬಲ್ಬು ಸಾವಿರಾರು ರೂಪಾಯಿಯ ದೀಪವನ್ನು ನುಂಗುತ್ತದೆ. ನೀಲಿ ಬಣ್ಣ ಬಳಿದ ಬಲ್ಬೂ ಬೇಡ. ಆ ಬಣ್ಣವೇ ಒಂದಿಷ್ಟು ಬೆಳಕನ್ನು ತಡೆದುಬಿಡುತ್ತದೆ. ಒಳ್ಳೆಯ ಕಂಪನಿಯ ಸಾಧಾರಣ ಬಲ್ಬು, ಬುಡದ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಮುದ್ರೆ, ಜೊತೆಗೆ ಅಂಗಡಿಯ ರಸೀದಿ, ಇಷ್ಟಿದ್ದರೆ ಸಾಕು. ಒಂದು ಬಲ್ಬು ಆಯುಸ್ಸು ಮುಗಿದು ಸುಟ್ಟಿದ್ದರೆ ಅದರ ಜೊತೆಗಾರನದೂ ಮುಗಿಯುತ್ತಾ ಬಂದಿರುತ್ತದೆ. ಎರಡನ್ನೂ ಬದಲಿಸಿ, ಉರಿಯುತ್ತಿರುವ ಹಳೆಯದನ್ನು ಡಿಕ್ಕಿಯಲ್ಲಿಟ್ಟುಕೊಳ್ಳುವುದು ಜಾಣತನ. ಆ ರಾತ್ರಿ ನಮ್ಮ ಸ್ನೇಹಿತರ ಬಳಿ ಹಾಗೆ ಇಟ್ಟುಕೊಂಡ ಬಲ್ಬು ಇರಲಿಲ್ಲ.

ಹಾಕುವಾಗ

ದೀಪ ಆರಿಸಿ, ಕೀಲಿ ತೆಗೆದು, ಬಲ್ಬು ತಣ್ಣಗಾಗಲು ಹದಿನೈದು ನಿಮಿಷ ಬಿಡಿ. ಬಾನೆಟ್ ಎತ್ತಿ ದೀಪದ ಹಿಂಭಾಗದಲ್ಲಿರುವ ಮೂರು ಕಡ್ಡಿಯ ಪ್ಲಗ್ಗನ್ನು ಹಿಡಿದು ಎಳೆಯಿರಿ. ತಂತಿಯನ್ನು ಹಿಡಿದು ಎಳೆಯಬೇಡಿ. ಪ್ಲಗ್ಗು ಕಂದಾಗಿದೆಯೇ, ಕರಗಿದೆಯೇ ನೋಡಿ. ಹಾಗಿದ್ದರೆ ಬಲ್ಬಿನ ಜೊತೆ ಅದನ್ನೂ ಬದಲಿಸಬೇಕು. ಬಳಿಕ ರಬ್ಬರಿನ ಮುಚ್ಚಳ ತೆಗೆದು, ಸ್ಪ್ರಿಂಗ್ ತಂತಿಯ ಕೊಂಡಿ ಯಾವ ಕಡೆಗೆ ಸಿಕ್ಕಿಕೊಂಡಿದೆ ಎಂಬುದನ್ನು ಗಮನಿಸಿ ಬಿಡಿಸಿ, ಹಳೆಯ ಬಲ್ಬನ್ನು ನೇರವಾಗಿ ಹೊರಗೆಳೆಯಿರಿ.

ಹೊಸ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಲೇಬಾರದು. ಅದು ನೂರಾರು ಡಿಗ್ರಿ ಕಾಯುತ್ತದೆ. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಒಂದೇ ಸಮನೆ ಕಾಯದೆ ಬೇಗ ಹಾಳಾಗುತ್ತದೆ. ಬುಡವನ್ನೇ ಹಿಡಿಯಿರಿ. ಅಕಸ್ಮಾತ್ ಮುಟ್ಟಿದರೆ ಸ್ಪಿರಿಟ್ ಹಚ್ಚಿದ ಶುಭ್ರ ಬಟ್ಟೆಯಿಂದ ಒರಸಿ ಒಣಗಲು ಬಿಡಿ. ಎಚ್-4ರ ಬುಡಕ್ಕೆ ಮೂರು ಕಿವಿಗಳಿವೆ, ಒಂದು ಅಗಲವಾದದ್ದು. ಅವು ಸರಿಯಾದ ಒಂದೇ ರೀತಿಯಲ್ಲಿ ಕೂರುತ್ತವೆ. ಕೂರದಿದ್ದರೆ ತಿರುಗಿಸಿ ನೋಡಿ, ಬಲ ಪ್ರಯೋಗ ಬೇಡ. ಕೊಂಡಿ ಸಿಕ್ಕಿಸಿ, ರಬ್ಬರಿನ ಅಂಚನ್ನು ಸುತ್ತಲೂ ಬಿಗಿಯಾಗಿ ಒತ್ತಿರಿ. ಸಂದಿ ಉಳಿದರೆ ಮಳೆಗಾಲದಲ್ಲಿ ಒಳಗೆ ನೀರು ಸೇರುತ್ತದೆ. ಆಮೇಲೆ ಪ್ಲಗ್ಗು ಚುಚ್ಚಿ ಡಿಮ್, ಹೈ ಬೀಮ್ ಎರಡನ್ನೂ ಹಾಕಿ ನೋಡಿರಿ.

ಕೆಲವು ಕಾರುಗಳಲ್ಲಿ ಬ್ಯಾಟರಿ ಅಥವಾ ಬಂಪರನ್ನು ಬಿಚ್ಚದೆ ಬಲ್ಬಿನವರೆಗೆ ಕೈ ಹೋಗುವುದಿಲ್ಲ. ಅಂಥ ಕಡೆ ಮೆಕ್ಯಾನಿಕನಿಗೆ ಕೂಲಿ ಕೊಡುವುದೇ ಲೇಸು.

ಗೋಡೆಯ ಪರೀಕ್ಷೆ

ಇದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಸಮತಟ್ಟಾದ ಜಾಗದಲ್ಲಿ ಕಾರನ್ನು ಗೋಡೆಯ ಹತ್ತಿರ ನಿಲ್ಲಿಸಿ, ದೀಪದ ನಡುಮಧ್ಯದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ. ಚಾಲಕರ ಸೀಟಿನಲ್ಲಿ ಒಬ್ಬರು ಕುಳಿತಿರಲಿ. ಅನಂತರ ನೇರವಾಗಿ 5 ಮೀಟರ್ ಹಿಂದಕ್ಕೆ ತನ್ನಿರಿ. ಡಿಮ್‌ನ ಬೆಳಕಿನ ಮೇಲಂಚು ಗೆರೆಗಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರಬೇಕು. ಅದು ಗೆರೆಯ ಮೇಲೆ ಏರಿದ್ದರೆ ಬಲ್ಬು ಸರಿಯಾಗಿ ಕೂತಿಲ್ಲ, ಇಲ್ಲವೆ ದೀಪದ ತಿರುಪನ್ನು ಸರಿಪಡಿಸಬೇಕು. ಊರಿಗೆ ಹೋಗುವಾಗ ನಮ್ಮವರ ಡಿಕ್ಕಿ ಬರಿದಾಗಿರುವುದುಂಟೆ? ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ, ಬೆಳಕೂ ಮೇಲೇಳುತ್ತದೆ. ಇದಕ್ಕಾಗಿಯೇ ಅನೇಕ ಕಾರುಗಳಲ್ಲಿ ಸ್ಟಿಯರಿಂಗಿನ ಬಳಿ 0, 1, 2, 3 ಎಂದು ಬರೆದ ಗಾಲಿಯಿರುತ್ತದೆ. ಭಾರಕ್ಕೆ ತಕ್ಕಂತೆ ಅದನ್ನು ತಿರುಗಿಸಿದರೆ ಬೆಳಕು ತಗ್ಗುತ್ತದೆ.

ಹೊಸ ಬಲ್ಬಿನಲ್ಲಿಯೂ ರಸ್ತೆ ಮಂಕಾಗಿಯೇ ಕಂಡರೆ ದೋಷ ಬಲ್ಬಿನದಲ್ಲ. ದೀಪದ ಪ್ಲಾಸ್ಟಿಕ್ ಹೊದಿಕೆ ಹಳದಿಗಟ್ಟಿರಬಹುದು, ಇಲ್ಲವೆ ತಂತಿಯ ಅರ್ಥಿಂಗ್ ಸಡಿಲಾಗಿರಬಹುದು. ಬಲ್ಬುಗಳು ಮೇಲಿಂದ ಮೇಲೆ ಸುಡುತ್ತಿದ್ದರೆ ಚಾರ್ಜಿಂಗ್ ವೋಲ್ಟೇಜನ್ನು ಅಳೆಯಿಸಿರಿ. ಅದು ಶೇಕಡಾ 5ರಷ್ಟು ಹೆಚ್ಚಾದರೂ ಬಲ್ಬಿನ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ.

ನಮ್ಮ ಸ್ನೇಹಿತರು ಮರುದಿನವೇ ಅಂಕೋಲೆಯಲ್ಲಿ 60/55ರ ಜೋಡಿ ಕೊಂಡು ಹಾಕಿಸಿದರು. ಹಿಂದಿರುಗುವಾಗ ಅದೇ ಘಟ್ಟದಲ್ಲಿ ಯಾರೂ ದೀಪ ಮಿಟುಕಿಸಲಿಲ್ಲವೆಂದು ಬಂದು ಹೇಳಿದರು. ಎದುರಿನವನಿಗೂ ನಮ್ಮ ಹಾಗೆಯೇ ಮನೆಯಲ್ಲಿ ಕಾಯುವವರಿದ್ದಾರೆ. ಅವನ ಕಣ್ಣು ಕಾಯ್ದರೆ ನಮ್ಮ ಜೀವವನ್ನೂ ಕಾಯ್ದಂತೆ. ಹಬ್ಬಕ್ಕೆ ಹೊರಡುವ ಬಂಧುಗಳು ಹಿಂದಿನ ಭಾನುವಾರ ಸಂಜೆ ಕಾರನ್ನು ವಾಚನಾಲಯದ ಹಿಂದಿನ ಗೋಡೆಯ ಬಳಿಗೆ ತಂದರೆ, ಸೀಮೆಸುಣ್ಣ ಹಿಡಿದು ನಾವು ಸಿದ್ಧರಿರುತ್ತೇವೆ.