ಲೆಕ್ಕ ಬಂತು, ವಿಷಯ ತಿಳಿಯಿತೇ?

ಒಂದು ಭಾರಿ ಲಾರಿಯೂ ಒಂದು ಚಿಕ್ಕ ಕಾರೂ ಡಿಕ್ಕಿ ಹೊಡೆದವು ಎಂದುಕೊಳ್ಳಿ. ಲಾರಿ ಕಾರಿನ ಮೇಲೆ ಹಾಕಿದ ಬಲ ಹೆಚ್ಚೋ, ಕಾರು ಲಾರಿಯ ಮೇಲೆ ಹಾಕಿದ್ದು ಹೆಚ್ಚೋ? ಮುಂದೆ ಓದುವ ಮೊದಲು ನಿಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಎರಡೂ ಸಮ. ನ್ಯೂಟನ್ನನ ಮೂರನೆಯ ನಿಯಮ ಹೇಳುವುದು ಇದನ್ನೇ. ಕಾರಿನ ದ್ರವ್ಯರಾಶಿ ಕಡಿಮೆಯಾದ್ದರಿಂದ ಅಷ್ಟೇ ಬಲ ಅದರ ವೇಗವನ್ನು ಹೆಚ್ಚು ಬದಲಿಸುತ್ತದೆ, ಅಷ್ಟೆ. ಆದರೂ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುವವರಲ್ಲೇ ಅನೇಕರು ‘ಲಾರಿಯದೇ ಹೆಚ್ಚು’ ಎನ್ನುತ್ತಾರೆ.

ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಡೇವಿಡ್ ಹೆಸ್ಟೆನೆಸ್ ಮತ್ತು ಸಂಗಡಿಗರು 1992ರಲ್ಲಿ ಇಂಥ ಪ್ರಶ್ನೆಗಳದೇ ಒಂದು ಪರೀಕ್ಷೆಯನ್ನು ಪ್ರಕಟಿಸಿದರು. ಅದರಲ್ಲಿ ಲೆಕ್ಕವಿಲ್ಲ. ಕೊಟ್ಟಿರುವ ತಪ್ಪು ಉತ್ತರಗಳೆಲ್ಲ ವಿದ್ಯಾರ್ಥಿಗಳು ನಿಜವಾಗಿ ನಂಬಿರುವಂಥವು. ಇದಕ್ಕೂ ಮೊದಲು, 1985ರಲ್ಲಿ, ಹೆಸ್ಟೆನೆಸ್ ಮತ್ತು ಹಲೌನ್ ಅವರು ಉಪನ್ಯಾಸ ಯಾರೇ ಮಾಡಲಿ, ಈ ನಂಬಿಕೆಗಳು ಹೆಚ್ಚೇನೂ ಕದಲುವುದಿಲ್ಲವೆಂದು ತೋರಿಸಿದ್ದರು.

ಇದನ್ನೋದಿದ ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ ತಮ್ಮ ತರಗತಿಯನ್ನೇ ಪರೀಕ್ಷಿಸಿದರು. ಒಂದೇ ಪ್ರಶ್ನೆಪತ್ರಿಕೆಯಲ್ಲಿ ವಿದ್ಯುತ್ ಮಂಡಲದ ಬಗ್ಗೆ ಎರಡು ಪ್ರಶ್ನೆ ಕೊಟ್ಟರು. ಒಂದು, ಸಮೀಕರಣ ಹೂಡಿ ಪ್ರವಾಹ ಕಂಡುಹಿಡಿಯುವ ದೊಡ್ಡ ಲೆಕ್ಕ. ಇನ್ನೊಂದು, ಸ್ವಿಚ್ ಹಾಕಿದರೆ ಯಾವ ಬಲ್ಬಿನ ಬೆಳಕು ಹೆಚ್ಚುತ್ತದೆ, ಯಾವುದರದು ಕುಗ್ಗುತ್ತದೆ ಎಂಬ ಸರಳ ಪ್ರಶ್ನೆ. ಲೆಕ್ಕದಲ್ಲಿ ಗೆದ್ದ ಅನೇಕರು ಬಲ್ಬಿನ ಮುಂದೆ ಸೋತರು! ಟಿ.ವಿ. ಕ್ಯಾಮೆರಾಕ್ಕೆ ಪಾಠ ಮಾಡುವವರ ಮುಖ ಸಿಗುತ್ತದೆ, ಕೇಳುವವರ ತಲೆಯೊಳಗೆ ಏನಾಯಿತೆಂಬುದು ಸಿಗುವುದಿಲ್ಲ. ಅಂಕಪಟ್ಟಿಯ ಪಾಡೂ ಹೆಚ್ಚುಕಡಮೆ ಹಾಗೆಯೇ.

1991ರಿಂದ ಮಜೂರ್ ಕ್ರಮ ಬದಲಿಸಿದರು. ಓದುವುದು ತರಗತಿಗೆ ಬರುವ ಮೊದಲೇ. ತರಗತಿಯಲ್ಲಿ ಸ್ವಲ್ಪ ವಿವರಣೆ, ಆಮೇಲೆ ಒಂದು ಪ್ರಶ್ನೆ. ಪ್ರತಿಯೊಬ್ಬರೂ ಮೊದಲು ತಾವೇ ಉತ್ತರ ನಿರ್ಧರಿಸಬೇಕು. ನಂತರ ಪಕ್ಕದವರೊಡನೆ ವಾದಿಸಿ, ಮತ್ತೊಮ್ಮೆ ಉತ್ತರಿಸಬೇಕು. ಇಷ್ಟಕ್ಕೇ ಬಿಡಲಿಲ್ಲ, ಪರೀಕ್ಷೆಯಲ್ಲೂ ಇಂಥ ಪ್ರಶ್ನೆಗಳನ್ನು ಸೇರಿಸಿದರು. ನನಗೆ ಮುಖ್ಯವೆನಿಸುವುದು ಈ ಕೊನೆಯ ಮಾತು. ಪರೀಕ್ಷೆ ಲೆಕ್ಕವನ್ನಷ್ಟೇ ಕೇಳಿದರೆ, ತರಗತಿಯಲ್ಲಿ ಎಷ್ಟೇ ಚರ್ಚೆ ನಡೆಯಲಿ, ವಿದ್ಯಾರ್ಥಿ ಓದುವುದು ಲೆಕ್ಕವನ್ನೇ.

ಫಲವೇನು? ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ 6,542 ವಿದ್ಯಾರ್ಥಿಗಳ ಅಂಕಗಳನ್ನು ಹೋಲಿಸಿದರು. ಮೊದಲ ಪರೀಕ್ಷೆಯಲ್ಲಿ ನಿಮಗೆ ನೂರಕ್ಕೆ 40 ಬಂದಿದ್ದರೆ ಗಳಿಸಲು ಉಳಿದದ್ದು 60. ಬರಿಯ ಉಪನ್ಯಾಸದಿಂದ ಈ 60ರಲ್ಲಿ ಸರಾಸರಿ 14 ಸಿಕ್ಕಿದರೆ, ವಿದ್ಯಾರ್ಥಿಗಳನ್ನು ಮಾತಿಗೆಳೆದ ತರಗತಿಗಳಲ್ಲಿ 29 ಸಿಕ್ಕ ಲೆಕ್ಕವಾಯಿತು.

ಪಠ್ಯಕ್ರಮ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ಬೆಂಚಿನಲ್ಲಿ ಪಕ್ಕದಲ್ಲಿ ಕೂರುವ ಸ್ನೇಹಿತರಂತೂ ಇದ್ದಾರಲ್ಲ. ಲಾರಿಯ ಪ್ರಶ್ನೆಯನ್ನು ನಾಳೆ ಅವರ ಮುಂದಿಡಿ. ಉತ್ತರವನ್ನು ಮಾತ್ರ ಮೊದಲೇ ಹೇಳಬೇಡಿ. ಅವರೂ ಚೀಟಿಯಲ್ಲಿ ಬರೆಯಲಿ, ಆಮೇಲೆ ಏಕೆಂದು ಕೇಳಿ.