ಬಾಡಿಗೆ ಕಟ್ಟಡದ ಸಾಲದ ಬಡ್ಡಿ: ತೆರಿಗೆ ಲೆಕ್ಕದಲ್ಲಿ ಕಳೆಯೋಕೆ ಆಗುತ್ತಾ, ಇಲ್ವಾ?

ಕುಂದಾಪುರ: "ಹೊಸ ಪದ್ಧತಿಯಲ್ಲಿ ಬ್ಯಾಂಕ್ ಬಡ್ಡಿ ಕಳೆಯೋಕೆ ಬಿಡೂದಿಲ್ಲ ಅಂಬ್ರಲ್ಲ, ಹಾಗಾದ್ರೆ ಸಾಲ ಮಾಡಿ ಕಾಂಪ್ಲೆಕ್ಸ್ ಕಟ್ಟಿದವ್ರು ಎಂತ ಮಾಡೂದು ಮಾರಾಯ್ರೆ?" ರಿಟರ್ನ್ ಹಾಕುವ ಸಮಯ ಬಂತೆಂದರೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಟ್ಟಡ ಮಾಲಕರ ಬಾಯಲ್ಲಿ ಇದೇ ಮಾತು. ಹೆದ್ದಾರಿ 66ರ ಎರಡೂ ಬದಿ ಕಳೆದ ಕೆಲವು ವರ್ಷಗಳಲ್ಲಿ ಎದ್ದ ಕಟ್ಟಡಗಳಲ್ಲಿ ಸಾಲ ಇಲ್ಲದೆ ಎದ್ದದ್ದು ಕಡಿಮೆ. ಹಾಗಾಗಿ ಆತಂಕ ಸಹಜ. ಆದರೆ ಈ ಮಾತಿನಲ್ಲಿ ಅರ್ಧ ಮಾತ್ರ ಸತ್ಯ ಇದೆ.

ಮೊದಲು ಬದಲಾದದ್ದು ಏನು ಅಂತ ನೋಡೋಣ. 2017ಕ್ಕೆ ಮುಂಚೆ ಬಾಡಿಗೆಗಿಂತ ಬಡ್ಡಿ ಎಷ್ಟೇ ಜಾಸ್ತಿ ಇದ್ದರೂ ಆ ನಷ್ಟವನ್ನು ಪೂರ್ತಿಯಾಗಿ ಸಂಬಳದಲ್ಲೋ ಅಂಗಡಿ ಲಾಭದಲ್ಲೋ ಕಳೆಯಬಹುದಿತ್ತು. 2017ರ ಬಜೆಟ್‌ನಲ್ಲಿ ಇದಕ್ಕೆ ವರ್ಷಕ್ಕೆ 2 ಲಕ್ಷ ರೂ. ಮಿತಿ ಬಂತು. ಉಳಿದದ್ದನ್ನು ಮುಂದಿನ 8 ವರ್ಷ ಮನೆ-ಕಟ್ಟಡದ ಆದಾಯದಲ್ಲಿ ಮಾತ್ರ ಕಳೆಯಬಹುದು. 2020ರಲ್ಲಿ ಹೊಸ ತೆರಿಗೆ ಪದ್ಧತಿ ಬಂತು. 2023-24ರಿಂದ ಅದೇ ಮೂಲ ಪದ್ಧತಿ. ಹಳೆಯದು ಬೇಕು ಅಂತ ನಾವು ಹೇಳದಿದ್ದರೆ ಲೆಕ್ಕ ಹೊಸದರಲ್ಲೇ ಆಗುತ್ತದೆ.

ಹೊಸ ಪದ್ಧತಿಯಲ್ಲಿ ನಾವು ವಾಸ ಮಾಡುವ ಮನೆಯ ಸಾಲದ ಬಡ್ಡಿಗೆ ವಿನಾಯಿತಿ ಇಲ್ಲ. ಇದು ನಿಜ. ಆದರೆ ಬಾಡಿಗೆಗೆ ಕೊಟ್ಟ ಮನೆ, ಅಂಗಡಿ, ಗೋಡೌನ್‌ನ ಸಾಲದ ಬಡ್ಡಿಯನ್ನು ಈಗಲೂ ಬಾಡಿಗೆಯಲ್ಲಿ ಕಳೆಯಬಹುದು. ಬಾಡಿಗೆ ಆದಾಯ ಸೊನ್ನೆಗೆ ಬರುವ ತನಕ ಕಳೆಯಬಹುದು, ಅದಕ್ಕಿಂತ ಕೆಳಗೆ ಹೋದದ್ದನ್ನು ಸಂಬಳ ಅಥವಾ ವ್ಯಾಪಾರದ ಲಾಭದಲ್ಲಿ ಹೊಂದಿಸೋಕೆ ಆಗುವುದಿಲ್ಲ. ಕೈ ತಪ್ಪಿದ್ದು ಇಷ್ಟೇ.

ಒಂದು ಉದಾಹರಣೆ ಮಾಡಿ ನೋಡೋಣ. ಕೋಟೇಶ್ವರದಲ್ಲಿ 50 ಲಕ್ಷ ಸಾಲ ಮಾಡಿ ಮೂರು ಅಂಗಡಿ ಕಟ್ಟಿದ್ದಾರೆ ಅಂತಿಟ್ಟುಕೊಳ್ಳಿ. ಬಡ್ಡಿ ಶೇ. 9, ಅವಧಿ 15 ವರ್ಷ, ತಿಂಗಳ ಕಂತು ಸುಮಾರು 50,700 ರೂ. ಮೂರೂ ಅಂಗಡಿಯಿಂದ ತಿಂಗಳಿಗೆ 30,000, ಅಂದರೆ ವರ್ಷಕ್ಕೆ 3.60 ಲಕ್ಷ ಬಾಡಿಗೆ. ಪಂಚಾಯತ್‌ಗೆ ಕಟ್ಟಿದ ತೆರಿಗೆ 10,000 ಕಳೆದರೆ 3.50 ಲಕ್ಷ. ಇದರಲ್ಲಿ ಶೇ. 30, ಅಂದರೆ 1.05 ಲಕ್ಷ ರಿಪೇರಿ-ನಿರ್ವಹಣೆಗೆ ಅಂತ ತಾನಾಗಿ ಕಳೆಯುತ್ತದೆ. (ನಮ್ಮ ಮಳೆಗೆ ಗೋಡೆ, ಶೀಟ್ ಅಂತ ಇದಕ್ಕಿಂತ ಜಾಸ್ತಿ ಖರ್ಚಾದರೂ ಬೇರೆ ಬಿಲ್ ತೋರಿಸೋಕೆ ಅವಕಾಶ ಇಲ್ಲ.) ಉಳಿದದ್ದು 2.45 ಲಕ್ಷ. ಮೊದಲ ವರ್ಷದ ಬಡ್ಡಿ ಸುಮಾರು 4.43 ಲಕ್ಷ. ನಷ್ಟ 1.98 ಲಕ್ಷ.

ಹಳೆ ಪದ್ಧತಿಯಲ್ಲಿ ಈ 1.98 ಲಕ್ಷವನ್ನು ಅಂಗಡಿ ಲಾಭದಲ್ಲಿ ಕಳೆಯಬಹುದು. ಹೊಸದರಲ್ಲಿ ಇಲ್ಲ. ಕೇಳಿದರೆ ದೊಡ್ಡ ಪೆಟ್ಟು ಅನ್ನಿಸುತ್ತದೆ. ಆದರೆ ಕೊನೆಗೆ ಕಟ್ಟುವ ತೆರಿಗೆ ನೋಡಿ. ಈ ಮಾಲಕರಿಗೆ ತಮ್ಮ ವ್ಯಾಪಾರದಿಂದ 9 ಲಕ್ಷ ಆದಾಯ ಇದ್ದರೆ 2025-26ರ ಲೆಕ್ಕದಲ್ಲಿ ಹೊಸ ಪದ್ಧತಿಯ ತೆರಿಗೆ ಸೊನ್ನೆ, ಯಾಕೆಂದರೆ 12 ಲಕ್ಷದ ತನಕ ರಿಯಾಯಿತಿ ಇದೆ. ಹಳೆಯದರಲ್ಲಿ ಈ ನಷ್ಟವನ್ನೂ, ಎಲ್‌ಐಸಿ-ಪಿಪಿಎಫ್‌ನ 1.50 ಲಕ್ಷವನ್ನೂ ಕಳೆದ ಮೇಲೂ ಸುಮಾರು 23,800 ರೂ. ಕಟ್ಟಬೇಕು. ಆದಾಯ 14 ಲಕ್ಷ ಇದ್ದರೆ ಹೊಸದರಲ್ಲಿ 93,600, ಹಳೆಯದರಲ್ಲಿ ಸುಮಾರು 1.33 ಲಕ್ಷ. ಬಡ್ಡಿಯ ಲಾಭ ಬಿಟ್ಟುಕೊಟ್ಟರೂ ಹೊಸದೇ ಅಗ್ಗ! ವ್ಯಾಪಾರದ ಆದಾಯ 24 ಲಕ್ಷ ಇದ್ದವರಿಗೆ ಹಳೆಯದು ಲಾಭ ಆಗಬೇಕಾದರೆ ಎಲ್ಲ ಸೇರಿ 7.75 ಲಕ್ಷಕ್ಕಿಂತ ಜಾಸ್ತಿ ಕಡಿತ ಬೇಕು. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದು, ಎಚ್‌ಆರ್‌ಎ ಪಡೆದು, ಊರಲ್ಲಿ ಸಾಲ ಮಾಡಿ ಕಟ್ಟಡ ಕಟ್ಟಿದ ದೊಡ್ಡ ಸಂಬಳದವರಿಗೆ ಅದು ಸಾಧ್ಯ. ಇಲ್ಲೇ ಅಂಗಡಿ ಇಟ್ಟುಕೊಂಡವರಿಗೆ ಕಷ್ಟ.

ಹಾಗಾಗಿ ತೆರಿಗೆಗಿಂತ ಕಂತನ್ನು ನೋಡಿ ಹೆದರುವುದು ಒಳ್ಳೆಯದು. ಮೇಲಿನ ಉದಾಹರಣೆಯಲ್ಲಿ ಪ್ರತಿ ತಿಂಗಳು 20,700 ರೂ. ಕಿಸೆಯಿಂದಲೇ ಹೋಗುತ್ತದೆ. "ಟ್ಯಾಕ್ಸ್ ಉಳಿಯುತ್ತೆ, ಸಾಲ ಮಾಡಿ" ಅಂತ ಯಾರಾದರೂ ಹೇಳಿದರೆ ಈಗ ನಂಬಬೇಡಿ. ಇನ್ನೊಂದು, ವರ್ಷ ಹೋದ ಹಾಗೆ ಬಡ್ಡಿ ಇಳಿಯುತ್ತದೆ, ಬಾಡಿಗೆ ಏರುತ್ತದೆ. ಆಗ ಉಳಿಯುವ ಬಾಡಿಗೆ ಅಂಗಡಿ ಲಾಭಕ್ಕೆ ಸೇರಿ 12 ಲಕ್ಷದ ಗೆರೆ ದಾಟಬಹುದು.

ಹೊಸ ಪದ್ಧತಿ ಅಂತ ಬಡ್ಡಿ ಸರ್ಟಿಫಿಕೇಟ್ ತರದೇ ಇರುವವರೂ ಇದ್ದಾರೆ. ಅದು ತಪ್ಪು. ಅದಿಲ್ಲದಿದ್ದರೆ ಮೇಲಿನ 2.45 ಲಕ್ಷ ಪೂರ್ತಿ ಆದಾಯ ಅಂತಾಗುತ್ತದೆ. ಸಹಕಾರಿ ಸೊಸೈಟಿಯ ಸಾಲ ಆದರೂ ಸರಿ, ಚಿನ್ನ ಅಡವಿಟ್ಟು ತಂದದ್ದಾದರೂ ಸರಿ, ಆ ಹಣ ಆ ಕಟ್ಟಡ ಕೊಳ್ಳೋಕೆ, ಕಟ್ಟೋಕೆ ಅಥವಾ ರಿಪೇರಿಗೆ ಹೋಗಿದ್ದರೆ ಬಡ್ಡಿ ಲೆಕ್ಕಕ್ಕೆ ಬರುತ್ತದೆ. ಕಟ್ಟಡ ಅಡವಿಟ್ಟು ಮಗಳ ಮದುವೆಗೋ ಅಂಗಡಿ ಸಾಮಾನಿಗೋ ತಂದ ಸಾಲದ ಬಡ್ಡಿ ಬಾಡಿಗೆಯಲ್ಲಿ ಕಳೆಯೋಕೆ ಬರುವುದಿಲ್ಲ. ಕೆಳಗೆ ಅಂಗಡಿ, ಮೇಲೆ ಸ್ವಂತ ಮನೆ ಇದ್ದರೆ ಬಡ್ಡಿಯನ್ನು ಪಾಲು ಮಾಡಬೇಕು. ಹೊಸ ಪದ್ಧತಿಯಲ್ಲಿ ಅಂಗಡಿ ಪಾಲು ಮಾತ್ರ ಸಿಗುತ್ತದೆ.

ವ್ಯಾಪಾರದ ಆದಾಯ ಇದ್ದವರು ಹಳೆ ಪದ್ಧತಿಗೆ ಹೋಗಬೇಕಾದರೆ ರಿಟರ್ನ್‌ನ ಕೊನೆ ದಿನದೊಳಗೆ ಫಾರಂ 10-ಐಇಎ ಸಲ್ಲಿಸಬೇಕು. ಒಮ್ಮೆ ಹೋಗಿ ಹೊಸದಕ್ಕೆ ವಾಪಸ್ ಬಂದರೆ, ವ್ಯಾಪಾರ ಇರುವ ತನಕ ಮತ್ತೆ ಹಳೆಯದಕ್ಕೆ ಹೋಗೋಕೆ ಆಗುವುದಿಲ್ಲ. ಸಂಬಳದವರಿಗೆ ಈ ಕಟ್ಟು ಇಲ್ಲ, ವರ್ಷ ವರ್ಷ ಬದಲಿಸಬಹುದು. 2026ರ ಏಪ್ರಿಲ್ 1ರಿಂದ 1961ರ ಕಾಯ್ದೆ ಹೋಗಿ 2025ರ ಆದಾಯ ತೆರಿಗೆ ಕಾಯ್ದೆ ಬಂದರೂ ಶೇ. 30 ಕಡಿತ, ಬಡ್ಡಿ ಕಡಿತ ಎರಡೂ ಅದರಲ್ಲಿ ಇವೆ.

ಅಂಗಡಿ ಬಾಡಿಗೆಯ ಮಟ್ಟಿಗೆ ನಮ್ಮಲ್ಲಿ ನಿಜವಾಗಿ ಜಗಳ ತಂದದ್ದು ಜಿಎಸ್‌ಟಿ. ಮಾಲಕರಿಗೆ ಜಿಎಸ್‌ಟಿ ನೋಂದಣಿ ಇಲ್ಲ, ಬಾಡಿಗೆದಾರರಿಗೆ ಇದೆ ಅಂತಾದರೆ 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ. 18 ತೆರಿಗೆಯನ್ನು ಬಾಡಿಗೆದಾರರೇ ಕಟ್ಟಬೇಕು. ಬಟ್ಟೆ, ಹಾರ್ಡ್‌ವೇರ್ ಅಂಗಡಿಯವರಿಗೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಶೇ. 5 ತೆರಿಗೆಯ ಹೋಟೆಲ್‌ನವರಿಗೆ ಕ್ರೆಡಿಟ್ ಇಲ್ಲ. 30,000 ಬಾಡಿಗೆ ಇದ್ದರೆ ತಿಂಗಳಿಗೆ 5,400 ರೂ. ಖರ್ಚೇ. ಹೋಟೆಲ್‌ನವರು ಬಾಡಿಗೆ ಇಳಿಸಿ ಅಂತ ಕೇಳಿದರೆ ಅದಕ್ಕೆ ಕಾರಣ ಇದೆ. ಕಾಂಪೊಸಿಷನ್‌ನಲ್ಲಿ ಇರುವವರಿಗೆ 2025ರ ಜನವರಿಯಲ್ಲಿ ಇದರಿಂದ ವಿನಾಯಿತಿ ಸಿಕ್ಕಿದೆ. ಮಾಲಕರೇ ತಮ್ಮ ಅಂಗಡಿಗೆ ರೆಗ್ಯುಲರ್ ಜಿಎಸ್‌ಟಿ ಮಾಡಿಸಿದ್ದರೆ ಬಾಡಿಗೆಗೂ ಅದೇ ನೋಂದಣಿ ಅನ್ವಯ. ಆಗ ಶೇ. 18 ಬಿಲ್ ಹಾಕುವ ಜವಾಬ್ದಾರಿ ಮಾಲಕರದ್ದು. ಇದನ್ನು ಮರೆತವರು ಹಲವರು.

ಕೊನೆಗೆ ಗಲ್ಫ್‌ನಲ್ಲಿರುವ ಮಾಲಕರ ವಿಷಯ. ಊರಲ್ಲಿರುವ ಮಾಲಕರಿಗೆ ತಿಂಗಳಿಗೆ 50,000 ದಾಟಿದ ಬಾಡಿಗೆಗೆ ಮಾತ್ರ ಟಿಡಿಎಸ್. ಮಾಲಕರು ಎನ್‌ಆರ್‌ಐ ಆಗಿದ್ದರೆ ಈ ಮಿತಿ ಇಲ್ಲ. 8,000 ಬಾಡಿಗೆ ಆದರೂ ಬಾಡಿಗೆದಾರರು ಟ್ಯಾನ್ ನಂಬರ್ ಮಾಡಿಸಿ ಸಾಮಾನ್ಯವಾಗಿ ಶೇ. 31.2 ಹಿಡಿದು ಕಟ್ಟಬೇಕು. ಹಿಡಿಯದಿದ್ದರೆ ಇಲಾಖೆ ಕೇಳುವುದು ಬಾಡಿಗೆದಾರರನ್ನು. ಬಡ್ಡಿ ಕಳೆದರೆ ತೆರಿಗೆಯೇ ಬರುವುದಿಲ್ಲ ಅನ್ನುವ ಮಾಲಕರು ರಿಟರ್ನ್ ಹಾಕಿ ಅದನ್ನು ವಾಪಸ್ ಪಡೆಯಬಹುದು, ಅಥವಾ ಮೊದಲೇ ಅರ್ಜಿ ಹಾಕಿ ಕಡಿಮೆ ಟಿಡಿಎಸ್‌ನ ಸರ್ಟಿಫಿಕೇಟ್ ತಂದು ಬಾಡಿಗೆದಾರರ ಕೈಗೆ ಕೊಡಬಹುದು. 12 ಲಕ್ಷದ ರಿಯಾಯಿತಿ ಮಾತ್ರ ಎನ್‌ಆರ್‌ಐಗಳಿಗೆ ಇಲ್ಲ.