ಅಪೊಲೊ ಬಂದರಿನ ತಾಜ್: ಕಡಲಂಚಿನ ಕೋಣೆಯ ಒಳಹೊರಗು

ದಕ್ಷಿಣ ಮುಂಬೈ ಎರಡು ನೀರಿನ ನಡುವೆ ಚಾಚಿಕೊಂಡಿರುವ ಕಿರಿದಾದ ನೆಲ. ಪಶ್ಚಿಮಕ್ಕೆ ತೆರೆದ ಅರಬ್ಬಿ ಸಮುದ್ರ, ಪೂರ್ವಕ್ಕೆ ಹಡಗುಗಳು ಲಂಗರು ಹಾಕುವ ಬಂದರಿನ ಕೊಲ್ಲಿ. ಕಡಲಂಚಿನ ದೊಡ್ಡ ಹೋಟೆಲುಗಳೂ ಈ ಎರಡು ಮಗ್ಗುಲುಗಳಲ್ಲಿ ಹಂಚಿಹೋಗಿವೆ. ಪಶ್ಚಿಮದ ನಾರಿಮನ್ ಪಾಯಿಂಟಿನಲ್ಲಿ ಒಬೆರಾಯ್ ಮತ್ತು ಟ್ರೈಡೆಂಟ್ ಇವೆ. ಅಲ್ಲಿಂದ ಕಾಣುವುದು ಮರೀನ್ ಡ್ರೈವಿನ ಕಮಾನು ಮತ್ತು ಸೂರ್ಯಾಸ್ತ. ಪೂರ್ವದ ಅಪೊಲೊ ಬಂದರಿನಲ್ಲಿರುವುದು ತಾಜ್ ಮಹಲ್ ಪ್ಯಾಲೇಸ್. ಕಾರವಾರದಲ್ಲೋ ಮಲ್ಪೆಯಲ್ಲೋ ಸೂರ್ಯ ಕಡಲಿಗಿಳಿಯುವುದನ್ನೇ ನೋಡಿ ಬೆಳೆದವರಿಗೆ ಇಲ್ಲಿ ದಿಕ್ಕು ತಪ್ಪಿದಂತಾಗುವುದು ಸಹಜ. ಅದೇ ಅರಬ್ಬಿ ಸಮುದ್ರದ ನೀರು, ಆದರೆ ಹೊತ್ತು ಹುಟ್ಟುವುದು ಅದರ ಕಡೆಯಿಂದ.

ಈ ಹೋಟೆಲು ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಎದುರಿನ ಗೇಟ್‌ವೇ ಆಫ್ ಇಂಡಿಯಾ ಪೂರ್ತಿಯಾದದ್ದು 1924ರಲ್ಲಿ. ಚಿತ್ರಗಳಲ್ಲಿ ಎರಡನ್ನೂ ಒಟ್ಟಿಗೇ ನೋಡಿ ಅಭ್ಯಾಸವಾದ ಕಣ್ಣು ಕಮಾನೇ ಹಳೆಯದೆಂದು ತಿಳಿಯುತ್ತದೆ. ನಿಜಕ್ಕೂ ಹೋಟೆಲೇ ಇಪ್ಪತ್ತೊಂದು ವರ್ಷ ಹಿರಿಯದು. ಕಟ್ಟಿಸಿದವರು ಜಮ್‌ಶೆಟ್ಜಿ ಟಾಟಾ. ಕಾಲಾ ಘೋಡಾದ ವಾಟ್ಸನ್ಸ್ ಹೋಟೆಲಿನಲ್ಲಿ ಭಾರತೀಯನೆಂಬ ಕಾರಣಕ್ಕೆ ಅವರಿಗೆ ಪ್ರವೇಶ ಸಿಗಲಿಲ್ಲ, ಆ ಹಟಕ್ಕೆ ತಾಜ್ ಕಟ್ಟಿಸಿದರು ಎಂಬ ಕಥೆ ಎಲ್ಲರ ಬಾಯಲ್ಲಿದೆ. ಅದನ್ನು ಅನುಮಾನದಿಂದ ನೋಡುವ ಇತಿಹಾಸಕಾರರೂ ಇದ್ದಾರೆ. 1896ರಲ್ಲಿ ಮುಂಬೈಗೆ ಪ್ಲೇಗು ಬಡಿದು ಜನ ಊರು ಬಿಟ್ಟಿದ್ದರು. ಊರಿನ ಮೇಲಿನ ನಂಬಿಕೆಯನ್ನು ಮರಳಿ ತರಬೇಕೆಂಬ ಹಂಬಲವೇ ಕಾರಣವಾಗಿದ್ದಿರಬಹುದು ಎಂಬ ವಾದ ಅಷ್ಟೇನೂ ರೋಚಕವಲ್ಲ, ಆದರೆ ಒಪ್ಪುವಂತಿದೆ. ಹೋಟೆಲು ತೆರೆದ ಐದೇ ತಿಂಗಳಿಗೆ, 1904ರ ಮೇ ತಿಂಗಳಲ್ಲಿ, ಜಮ್‌ಶೆಟ್ಜಿ ತೀರಿಕೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಉಕ್ಕಿನ ಕಾರ್ಖಾನೆ, ಜಲವಿದ್ಯುತ್ ಹೀಗೆ ಅವರು ಕಂಡ ದೊಡ್ಡ ಕನಸುಗಳಲ್ಲಿ ಕಣ್ಣೆದುರೇ ಕೈಗೂಡಿದ್ದು ಇದೊಂದೇ.

ಕಟ್ಟಡದ ನಕ್ಷೆ ಸೀತಾರಾಮ ಖಂಡೇರಾವ್ ವೈದ್ಯ ಮತ್ತು ಡಿ.ಎನ್. ಮಿರ್ಜಾ ಅವರದು; ಕೆಲಸ ಮುಗಿಸಿದವರು ಡಬ್ಲ್ಯು.ಎ. ಚೇಂಬರ್ಸ್. ವಿದೇಶಿ ಶಿಲ್ಪಿಯೊಬ್ಬ ಬಂದು ನೋಡಿದಾಗ ಕಟ್ಟಡ ಹಿಂದುಮುಂದಾಗಿ ನಿಂತಿತ್ತು, ಆ ನಾಚಿಕೆಗೆ ಆತ ಪ್ರಾಣ ಬಿಟ್ಟ ಎಂದು ಟ್ಯಾಕ್ಸಿಯವರು ಇಂದಿಗೂ ಹೇಳುತ್ತಾರೆ. ಅದು ಬರೀ ಕಟ್ಟುಕಥೆ. ಮೊದಲು ಹೆಬ್ಬಾಗಿಲು ಇದ್ದದ್ದೇ ಊರಿನ ಕಡೆಗೆ. ಕುದುರೆ ಗಾಡಿಗಳು ಬಂದು ನಿಲ್ಲುತ್ತಿದ್ದ ಆ ಅಂಗಳದಲ್ಲಿ ಈಗ ಈಜುಕೊಳವಿದೆ. ಬಾಗಿಲು ಆಮೇಲೆ ಕಡಲ ಕಡೆಗೆ ಬಂತು. ಬಾಗಿಲನ್ನು ಊರಿಗೆ ಬಿಟ್ಟುಕೊಟ್ಟು ಕಡಲ ಮಗ್ಗುಲನ್ನು ಉದ್ದಕ್ಕೂ ಕೋಣೆಗಳಿಗೇ ಮೀಸಲಿಟ್ಟದ್ದರಲ್ಲಿ ಲೆಕ್ಕಾಚಾರವಿತ್ತು.

ಒಳಗೆ ಹೋದವರು ತಪ್ಪದೆ ನೋಡಬೇಕಾದದ್ದು ನಡುಗುಮ್ಮಟದ ಕೆಳಗಿನ ಮೆಟ್ಟಿಲು. ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಒಂದು ತುದಿಯನ್ನು ಮಾತ್ರ ಗೋಡೆಗೆ ಕೊಟ್ಟು ಮೆಟ್ಟಿಲುಗಳು ಗಾಳಿಯಲ್ಲಿ ನಿಂತಂತೆ ಮೇಲೇರುತ್ತವೆ. ಒಂದೊಂದು ಕಲ್ಲೂ ತನ್ನ ಕೆಳಗಿನ ಕಲ್ಲಿನ ಮೇಲೆ ಅಂಚನ್ನು ಊರಿ, ಭಾರವನ್ನು ಗೋಡೆಗೆ ದಾಟಿಸುವ ಉಪಾಯ ಇಂಥ ಮೆಟ್ಟಿಲುಗಳದು. ಕೆಳಗೆ ನಿಂತು ಕತ್ತೆತ್ತಿದರೆ ಕೈಪಿಡಿಯ ಸಾಲು ಗುಮ್ಮಟದವರೆಗೂ ಒಂದೇ ಓಟದಲ್ಲಿ ಹೋಗುತ್ತದೆ. ಲಿಫ್ಟ್ ಹಿಡಿದು ನೇರ ಕೋಣೆ ಸೇರುವವರು ಈ ಹೋಟೆಲಿನ ಅತಿ ಒಳ್ಳೆಯ ಭಾಗವನ್ನು ಬಿಟ್ಟೇ ಹೋಗುತ್ತಾರೆ, ಅದೂ ಬಿಟ್ಟಿಯಾಗಿ ಸಿಗುವುದನ್ನು.

ಕೋಣೆ ಕಾದಿರಿಸುವವರು ಮೊದಲು ತಿಳಿಯಬೇಕಾದದ್ದು, ಇಲ್ಲಿರುವುದು ಎರಡು ಕಟ್ಟಡ. 1903ರದು ಪ್ಯಾಲೇಸ್. ಪಕ್ಕದಲ್ಲಿ ಹಳೆಯ ಗ್ರೀನ್ಸ್ ಹೋಟೆಲಿದ್ದ ಜಾಗದಲ್ಲಿ 1973ರಲ್ಲಿ ತಲೆಯೆತ್ತಿದ್ದು ಟವರ್. ಪ್ಯಾಲೇಸಿನ ಕೋಣೆಗಳಿಗೆ ಎತ್ತರದ ಚಾವಣಿ, ಹಳೆಯ ಕಾಲದ ಗತ್ತು. ಅಳತೆ ಮಾತ್ರ ಒಂದರಂತೆ ಇನ್ನೊಂದಿಲ್ಲ. ಟವರಿನವು ಹೆಚ್ಚುಕಡಿಮೆ ಒಂದೇ ಅಚ್ಚಿನವು, ಆದರೆ ಮೇಲಿನ ಮಹಡಿಗಳಿಂದ ಕಾಣುವ ಬಂದರು ಬಹಳ ವಿಶಾಲ. ಹೆಸರಿಗಾಗಿ ಹೋಗುವವರು ಪ್ಯಾಲೇಸನ್ನೂ ನೋಟಕ್ಕಾಗಿ ಹೋಗುವವರು ಟವರಿನ ಎತ್ತರದ ಮಹಡಿಯನ್ನೂ ಆರಿಸಿಕೊಂಡರೆ ನಿರಾಸೆಯಾಗದು.

ಬಾಡಿಗೆಗೆ ಒಂದೇ ದರವೆಂಬುದಿಲ್ಲ. ವಿಮಾನದ ಟಿಕೆಟಿನಂತೆ ದಿನದಿನಕ್ಕೂ ಏರಿಳಿಯುತ್ತದೆ. ಇಂಥ ಹೋಟೆಲುಗಳಲ್ಲಿ ರಾತ್ರಿಯೊಂದಕ್ಕೆ ಇಪ್ಪತ್ತು ಸಾವಿರ ರೂಪಾಯಿ ದಾಟುವುದು ಮಾಮೂಲು. ಮದುವೆ ಸುಗ್ಗಿ, ವರ್ಷಾಂತ್ಯ, ದೊಡ್ಡ ಸಮ್ಮೇಳನಗಳ ದಿನ ದರ ಮೇಲೇರುತ್ತದೆ; ಮಳೆಗಾಲದಲ್ಲಿ ಇಳಿಯುತ್ತದೆ. ಒಂದೇ ಮಹಡಿಯಲ್ಲಿ ಊರಿನ ಕಡೆಯ ಕೋಣೆಗೂ ಕಡಲ ಕಡೆಯ ಕೋಣೆಗೂ ದರದಲ್ಲಿ ಎದ್ದು ಕಾಣುವ ಅಂತರವಿರುತ್ತದೆ. ಹಾಸಿಗೆ, ಬಚ್ಚಲು, ತಿಂಡಿ ಎರಡರಲ್ಲೂ ಹೆಚ್ಚುಕಡಿಮೆ ಅವೇ. ಹೆಚ್ಚುವರಿ ಹಣ ಕೊಡುವುದು ಕಿಟಕಿಗೆ. ಹಾಗಾಗಿ ಕಾದಿರಿಸುವಾಗ ಪದಗಳನ್ನು ಬಿಡಿಸಿ ಓದಬೇಕು. ‘ಸೀ ವ್ಯೂ’ ಎಂದಿದ್ದರೆ ಒಂದು ಅರ್ಥ. ‘ಪಾರ್ಷಿಯಲ್’ ಎಂಬ ಮಾತು ಅದರ ಹಿಂದೆ ಅಂಟಿಕೊಂಡಿದ್ದರೆ, ಕತ್ತು ಹೊರಳಿಸಿದಾಗ ಕಟ್ಟಡಗಳ ನಡುವೆ ನೀಲಿಯ ಒಂದು ಎಳೆ ಕಂಡೀತು ಎಂದಷ್ಟೇ ಅರ್ಥ. ಇಡೀ ಹಗಲು ಊರು ಸುತ್ತಿ ರಾತ್ರಿ ಬಂದು ಮಲಗುವವರು ಕತ್ತಲೆಯ ಸಮುದ್ರಕ್ಕೆ ದುಡ್ಡು ಕೊಡುವುದು ಜಾಣತನವಲ್ಲ.

ಬಂದಿಳಿದಾಗಿನ ವಿಧಿಗಳು ಚಿಕ್ಕವು. ಕಾರಿನ ತಪಾಸಣೆ, ಚೀಲಗಳಿಗೆ ಎಕ್ಸ್‌ರೇ, ಬಂದವರಿಗೆ ಲೋಹಶೋಧಕ. ಮಧ್ಯಾಹ್ನ ಎರಡಕ್ಕೆ ಕೋಣೆ, ಮರುದಿನ ಹನ್ನೆರಡಕ್ಕೆ ಖಾಲಿ ಮಾಡುವುದು ಇಂಥ ಹೋಟೆಲುಗಳ ವಾಡಿಕೆ. ಗುರುತಿನ ಚೀಟಿ ತೋರಿಸದೆ ಯಾರಿಗೂ ಕೀಲಿಯಿಲ್ಲ. ಕಾರ್ಡು ಕೊಟ್ಟಾಗ ಬಾಡಿಗೆಯ ಜೊತೆಗೆ ಒಂದಷ್ಟು ಹಣವನ್ನು ತಡೆಹಿಡಿಯುತ್ತಾರೆ. ಅದು ಖರ್ಚಲ್ಲ, ಮುಂಗಡ ಭದ್ರತೆ. ಆದರೆ ಬ್ಯಾಂಕು ಅದನ್ನು ಬಿಡುಗಡೆ ಮಾಡಲು ಕೆಲ ದಿನ ಹಿಡಿಯುವುದರಿಂದ, ಡೆಬಿಟ್ ಕಾರ್ಡು ಕೊಟ್ಟವರು ಖಾತೆಯಲ್ಲಿ ಹಣ ಕಡಿಮೆಯಾದದ್ದು ಕಂಡು ಗಾಬರಿಯಾಗುವುದುಂಟು. ಕ್ರೆಡಿಟ್ ಕಾರ್ಡೇ ವಾಸಿ.

ಕೋಣೆಯೊಳಗಿನ ಸುಖಕ್ಕೆ ತೆರೆಮರೆಯ ದುಡಿಮೆಯೇ ಆಧಾರ. ಒಂದು ಹಾಸಿಗೆಗೆ ಕಡಿಮೆಯೆಂದರೂ ಮೂರು ಜೊತೆ ಬಟ್ಟೆ ಬೇಕು: ಮಂಚದ ಮೇಲೊಂದು, ಲಾಂಡ್ರಿಯಲ್ಲೊಂದು, ಕಪಾಟಿನಲ್ಲೊಂದು. ಹೌಸ್‌ಕೀಪಿಂಗಿನವರು ಮೊದಲು ಪರದೆ ಸರಿಸಿ, ಬೆಳಕಿನಲ್ಲಿ ಕನ್ನಡಿ ಮತ್ತು ಗಾಜಿನ ಮೇಲಿನ ಬೆರಳ ಗುರುತು ಹುಡುಕುತ್ತಾರೆ. ಹಾಸುವ ಬಟ್ಟೆಯ ನಡುಮಡಿಕೆ ಹಾಸಿಗೆಯ ನಡುವಿಗೇ ಬರಬೇಕು. ಮೂಲೆಗಳನ್ನು ಲಕೋಟೆಯಂತೆ ಮಡಚಿ ಒಳಗೆ ತೂರಿಸಬೇಕು. ಅವರು ಹೋದ ಮೇಲೆ ಮೇಲ್ವಿಚಾರಕರು ಬಂದು ನೋಡಿ ಒಪ್ಪಿದರೆ ಮಾತ್ರ ಕೋಣೆ ಸಿದ್ಧವೆಂದು ಮುಂಗಟ್ಟೆಗೆ ಸುದ್ದಿ ಹೋಗುತ್ತದೆ. ಸಂಜೆ ಇನ್ನೊಂದು ಸುತ್ತು: ಪರದೆ ಎಳೆದು, ಹೊದಿಕೆಯ ಒಂದು ಮೂಲೆ ಮಡಚಿ, ಮಂಚದ ಬಳಿ ನೀರಿಟ್ಟು ದೀಪ ಸಣ್ಣಗೆ ಮಾಡಿ ಹೋಗುವುದು. ಅತಿಥಿ ಎರಡು ದಿಂಬು ಕೇಳಿದ್ದರೆ, ಮೊಟ್ಟೆ ಬೇಡವೆಂದಿದ್ದರೆ ಅದು ಕಡತಕ್ಕೆ ಸೇರುತ್ತದೆ. ಮುಂದಿನ ಸಲ ಕೇಳದೆಯೇ ಸಿಗುತ್ತದೆ. ಲಾಬಿಯಲ್ಲಿ ಕೋಟಿನ ಎರಡೂ ಕಾಲರಿಗೆ ಚಿನ್ನದ ಬಣ್ಣದ ಅಡ್ಡ ಕೀಲಿಗಳನ್ನು ಸಿಕ್ಕಿಸಿಕೊಂಡವರು ಕಂಡರೆ, ಅವರು ಕಾನ್‌ಸಿಯೆರ್ಜ್‌ಗಳ ಅಂತರರಾಷ್ಟ್ರೀಯ ಸಂಘದ ಸದಸ್ಯರು. ನಾಟಕದ ಟಿಕೆಟಿನಿಂದ ಕಳೆದುಹೋದ ಪಾಸ್‌ಪೋರ್ಟಿನವರೆಗೆ ಏನನ್ನಾದರೂ ಅವರಲ್ಲಿ ಕೇಳಬಹುದು. ಸಂಕೋಚಪಟ್ಟು ಕೇಳದಿರುವುದೇ ಮೊದಲ ಸಲ ಹೋದವರು ಮಾಡಿಕೊಳ್ಳುವ ನಷ್ಟ.

ಕೋಣೆಗೆ ಬೆಲೆ ತರುವ ಕಡಲೇ ಕಟ್ಟಡವನ್ನು ತಿನ್ನುವುದೂ ಹೌದು. ಗಾಳಿಯಲ್ಲಿ ತೇಲಿ ಬರುವ ಉಪ್ಪಿನ ಕಣ ಕಿಟಕಿಯ ತಿರುಗಣಿ, ಬಾಗಿಲ ಚಿಲಕ, ಎ.ಸಿ.ಯ ಹೊರಯಂತ್ರಗಳ ಮೇಲೆ ಕೂರುತ್ತದೆ. ಅದರಲ್ಲಿನ ಕ್ಲೋರೈಡು ಉಕ್ಕಿನ ಮೇಲಿನ ರಕ್ಷಣಾ ಪದರವನ್ನು ಒಡೆಯುತ್ತದೆ; ಕಾಂಕ್ರೀಟಿನೊಳಗೆ ಇಳಿದರೆ ಕಂಬಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿದಾಗ ಸುತ್ತಲಿನ ಕಾಂಕ್ರೀಟು ಬಿರಿಯುತ್ತದೆ. ಕಡಲಂಚಿನ ಹೋಟೆಲಿನಲ್ಲಿ ಗಾಜು ಒರೆಸುವುದು, ಲೋಹಕ್ಕೆ ಬಣ್ಣ ಬಳಿಯುವುದು, ಕಲ್ಲಿನ ಸಂದಿಗೆ ಗಾರೆ ತುಂಬುವುದು ಮುಗಿಯುವ ಕೆಲಸವೇ ಅಲ್ಲ. ತೇವ ಇನ್ನೊಂದು ಕಾಟ. ಬಾಲ್ಕನಿ ಇರುವ ಹಲವು ಹೋಟೆಲುಗಳಲ್ಲಿ ಬಾಗಿಲು ತೆರೆದ ಕೂಡಲೇ ಎ.ಸಿ. ನಿಲ್ಲುವಂತೆ ಮಾಡಿರುತ್ತಾರೆ. ಎ.ಸಿ. ಕೆಟ್ಟಿತೆಂದು ದೂರು ಕೊಡುವ ಮೊದಲು ಬಾಗಿಲು ಮುಚ್ಚಿ ನೋಡಬೇಕು. ತಂಪು ಕೋಣೆಯಿಂದ ಕ್ಯಾಮೆರಾ ಹಿಡಿದು ಹೊರಗೆ ಬಂದರೆ ಗಾಜಿನ ಮೇಲೆ ಮಂಜು ಕೂತು ಸೂರ್ಯೋದಯದ ಮೊದಲ ಹತ್ತು ನಿಮಿಷ ಕೈತಪ್ಪುತ್ತದೆ. ಸ್ವಲ್ಪ ಮುಂಚೆಯೇ ಹೊರಗಿಟ್ಟಿರುವುದೊಂದೇ ಉಪಾಯ. ಮಳೆಗಾಲದ ಅಬ್ಬರ ಕಾಣಬೇಕೆಂಬವರಿಗೆ ಮರೀನ್ ಡ್ರೈವಿನ ಕಡೆಯೇ ಸರಿ. ದೊಡ್ಡ ಉಬ್ಬರದ ದಿನಗಳಲ್ಲಿ ಅಲ್ಲಿ ಅಲೆ ತಡೆಗೋಡೆ ಹಾರಿ ರಸ್ತೆಗೆ ಬೀಳುತ್ತದೆ. ಬಂದರಿನ ಕೊಲ್ಲಿ ಅಷ್ಟು ಕೆರಳುವುದಿಲ್ಲ.

2008ರ ನವೆಂಬರ್ 26ರ ರಾತ್ರಿಯನ್ನು ಬಿಟ್ಟು ಈ ಹೋಟೆಲಿನ ಮಾತು ಪೂರ್ತಿಯಾಗದು. ಭಯೋತ್ಪಾದಕರು ಒಳನುಗ್ಗಿದ ಮೇಲೆ 29ರ ಬೆಳಗಿನವರೆಗೆ ಕಾಳಗ ನಡೆಯಿತು. ಪ್ಯಾಲೇಸಿನ ಮೇಲ್ಮಹಡಿಗಳು ಹೊತ್ತಿ ಉರಿದವು. ಇಲ್ಲಿ ಸತ್ತವರು 31 ಮಂದಿ. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಹೋಟೆಲಿನ ಸಿಬ್ಬಂದಿಯೇ. ಹಿಂಬಾಗಿಲುಗಳು ಗೊತ್ತಿದ್ದರೂ ಓಡಿಹೋಗದೆ ಅತಿಥಿಗಳನ್ನು ದಾಟಿಸುತ್ತ ಉಳಿದವರು ಅವರು. ಒತ್ತೆಯಾಳುಗಳನ್ನು ಬಿಡಿಸಲು ಹೋದ ಎನ್‌ಎಸ್‌ಜಿ ಕಮಾಂಡೊ, ಬೆಂಗಳೂರಿನಲ್ಲಿ ಬೆಳೆದ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಮಡಿದದ್ದು ಇದೇ ಕಟ್ಟಡದಲ್ಲಿ. ಯಲಹಂಕದ ರಸ್ತೆಯೊಂದಕ್ಕೆ ಅವರ ಹೆಸರಿದೆ. ಸಿಬ್ಬಂದಿ ಹಾಗೆ ನಡೆದುಕೊಂಡದ್ದೇಕೆ ಎಂಬುದನ್ನು ಹಾರ್ವರ್ಡಿನ ರೋಹಿತ್ ದೇಶಪಾಂಡೆ ಮತ್ತು ಅಂಜಲಿ ರೈನಾ ಅಧ್ಯಯನ ಮಾಡಿ 2011ರಲ್ಲಿ ಬರೆದರು. ದೊಡ್ಡ ನಗರಗಳಿಗಿಂತ ಸಣ್ಣ ಊರುಗಳಿಂದ ಹುಡುಗ ಹುಡುಗಿಯರನ್ನು ಆರಿಸುವುದು, ಉಳಿದೆಡೆ ಹನ್ನೆರಡು ತಿಂಗಳಿರುವ ತರಬೇತಿಯನ್ನು ಹದಿನೆಂಟು ತಿಂಗಳು ಕೊಡುವುದು, ಅತಿಥಿಯ ಪರವಾಗಿ ನಿಲ್ಲುವಂತೆ ಕಲಿಸುವುದು ಅವರು ಗುರುತಿಸಿದ ಕಾರಣಗಳಲ್ಲಿ ಕೆಲವು. ಟವರ್ ಅದೇ ಡಿಸೆಂಬರಿನಲ್ಲಿ ತೆರೆಯಿತು. ಪ್ಯಾಲೇಸ್ ಸಿದ್ಧವಾಗಲು 2010ರ ಆಗಸ್ಟ್ 15ರವರೆಗೆ ಕಾಯಬೇಕಾಯಿತು. ಲಾಬಿಯಲ್ಲಿ 31 ಹೆಸರುಗಳ ಸ್ಮಾರಕವಿದೆ.

ಹೋಟೆಲಿನಲ್ಲಿ ಉಳಿಯದೆಯೂ ಕಡಲ ಕಿಟಕಿಯ ಬಳಿ ಕೂರಬಹುದು. ಮೊದಲ ಮಹಡಿಯ ಸೀ ಲೌಂಜಿನಲ್ಲಿ ಸಂಜೆಯ ಚಹಾ ಹೆಸರುವಾಸಿ. ವರ, ವಧುವಿನ ಮನೆಯವರು ಪರಸ್ಪರ ನೋಡಲು ಇಲ್ಲಿ ಸೇರುವ ಪದ್ಧತಿ ಮುಂಬೈಯ ಅನುಕೂಲಸ್ಥರಲ್ಲಿ ಹಳೆಯದು. 1933ರ ಹಾರ್ಬರ್ ಬಾರ್ ಊರಿನ ಮೊದಲ ಪರವಾನಗಿ ಪಡೆದದ್ದು. ಚಹಾದ ಬೆಲೆಯೂ ಕಡಿಮೆಯೇನಲ್ಲ. ಆದರೆ ಕೋಣೆಯ ಬಾಡಿಗೆಯ ಎದುರು ಅದು ಚಿಲ್ಲರೆ.

ಎದುರಿನ ಗೇಟ್‌ವೇ ಬಳಿಯಿಂದ ಎಲಿಫೆಂಟಾ ದ್ವೀಪಕ್ಕೆ, ಅಂದರೆ ಘಾರಾಪುರಿಗೆ, ದೋಣಿ ಹೊರಡುತ್ತದೆ. ಹೋಗಲು ಸುಮಾರು ಒಂದು ತಾಸು. ಸೋಮವಾರ ಅಲ್ಲಿನ ಗುಹೆಗಳಿಗೆ ರಜೆ. ಕನ್ನಡಿಗರಿಗೆ ಈ ದ್ವೀಪದ ನಂಟು ಹಳೆಯದಿರಬಹುದು. ಬಾದಾಮಿಯ ಇಮ್ಮಡಿ ಪುಲಕೇಶಿ ನೂರಾರು ನಾವೆಗಳೊಡನೆ ಮುತ್ತಿದನೆಂದು 634ರ ಐಹೊಳೆ ಶಾಸನ ಹೇಳುವ ಪಶ್ಚಿಮ ಸಮುದ್ರದ ಪುರಿ ಎಂಬ ಪಟ್ಟಣವನ್ನು ಕೆಲ ವಿದ್ವಾಂಸರು ಈ ಘಾರಾಪುರಿಯೆಂದೇ ಗುರುತಿಸುತ್ತಾರೆ. ದುಬಾರಿ ಕಿಟಕಿಯಿಂದ ಕಾಣುವ ಕೊಲ್ಲಿಗೆ ಹೀಗೊಂದು ಬಾದಾಮಿಯ ಎಳೆಯೂ ಇದೆ.

ಕೊನೆಯದು ಬಿಲ್ಲು. ರಾತ್ರಿಗೆ 7,500 ರೂಪಾಯಿ ಮೀರಿದ ಕೋಣೆಗೆ ಶೇ. 18 ಜಿಎಸ್‌ಟಿ, ಇಂಥ ಹೋಟೆಲಿನ ಕೋಣೆಗಳೆಲ್ಲ ಆ ಸಾಲಿನವೇ. ಜಾಹೀರಾತಿನ ದರದಲ್ಲಿ ತೆರಿಗೆ ಸೇರಿದೆಯೋ ಇಲ್ಲವೋ, ತಿಂಡಿ ಸೇರಿದೆಯೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು. ಮಿನಿಬಾರಿನ ಗೋಡಂಬಿ ಪೊಟ್ಟಣಕ್ಕೆ ಹೊರಗಿನ ಅಂಗಡಿಯ ಬೆಲೆಯಿರುವುದಿಲ್ಲ. ಆದರೆ ಚಹಾಪುಡಿ, ಕುಡಿಯುವ ನೀರು, ಸಾಬೂನು ಸಾಮಾನ್ಯವಾಗಿ ಬಾಡಿಗೆಯಲ್ಲೇ ಸೇರಿರುತ್ತವೆ. ಊಟದ ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ಕಡ್ಡಾಯವಾಗಿ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿದೆ, ದೆಹಲಿ ಹೈಕೋರ್ಟು 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಟಿಪ್ಸ್ ಕೊಡುವುದು ಅವರವರ ಇಷ್ಟ. ಹೊರಡುವ ಬೆಳಗ್ಗೆ ಮುಂಗಟ್ಟೆಯಲ್ಲಿ ಗದ್ದಲವಿರುವುದರಿಂದ ಹಿಂದಿನ ರಾತ್ರಿಯೇ ಬಿಲ್ಲಿನ ಪ್ರತಿ ತರಿಸಿ ಸಾಲುಸಾಲಾಗಿ ನೋಡಿಕೊಂಡರೆ, ತಪ್ಪಿದ್ದಲ್ಲಿ ತಿದ್ದಿಸಲು ಸಮಯ ಸಿಗುತ್ತದೆ. ರೈಲೋ ವಿಮಾನವೋ ರಾತ್ರಿಗಿದ್ದರೆ, ಹನ್ನೆರಡಕ್ಕೆ ಕೋಣೆ ಬಿಟ್ಟು ಸಾಮಾನನ್ನು ಹೋಟೆಲಿನಲ್ಲೇ ಇರಿಸಿ ಊರು ನೋಡಲು ಹೋಗಬಹುದು; ಅದಕ್ಕೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ.